ಢಾಕಾದಲ್ಲಿ ನೀರ ನಡುವಿನ ಸಂಸತ್ತು

ಹಳೆ ಢಾಕಾದಿಂದ ಹೊರಟ ಸೈಕಲ್ ರಿಕ್ಷಾ ಮಾರಿಗೊಮ್ಮೆ ನಿಲ್ಲುತ್ತದೆ. ಹಿಂದೆ ಮುಂದೆ ರಿಕ್ಷಾಗಳೇ. ಅವುಗಳ ಬೆನ್ನ ಮೇಲೆಲ್ಲ ನವಿಲು, ತಾವರೆ, ಸಿನಿಮಾ ತಾರೆಯರು! ನಡೆದಿದ್ದರೆ ಬೇಗ ತಲುಪುತ್ತಿದ್ದೆವು, ಆದರೆ ಈ ಚಿತ್ರಶಾಲೆ ತಪ್ಪಿಹೋಗುತ್ತಿತ್ತು. ದೊಡ್ಡ ರಸ್ತೆ ಬಂದಲ್ಲಿ ಚಾಲಕ ಇಳಿಸುತ್ತಾನೆ. ಮುಂದೆ ರಿಕ್ಷಾಗಳಿಗೆ ಪ್ರವೇಶವಿಲ್ಲವಂತೆ. ಬೆವರೊರೆಸಿಕೊಳ್ಳುತ್ತ ಮಾಣಿಕ್ ಮಿಯಾ ಅವೆನ್ಯೂಗೆ ನಡೆಯುತ್ತೇವೆ.

ಅಲ್ಲಿ ನಗರ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಹುಲ್ಲುಹಾಸಿನಾಚೆ ನೀರಿನಿಂದೆದ್ದ ಕೋಟೆಯಂತೆ ಬಾಂಗ್ಲಾದೇಶದ ಸಂಸತ್ ಭವನ. ಬೂದು ಗೋಡೆಗಳಲ್ಲಿ ಆಳೆತ್ತರವನ್ನೂ ಮೀರಿದ ವೃತ್ತಗಳು, ತ್ರಿಕೋನಗಳು. ಬಿಸಿಲು ಮಳೆಗಳನ್ನು ಹೊರಗೇ ತಡೆದು ಬೆಳಕನ್ನಷ್ಟೇ ಒಳಬಿಡುವ ಉಪಾಯವಿದು.

ಇದನ್ನು ರೂಪಿಸಿದವರು ಲೂಯಿ ಕಾನ್. 1901ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕದ ಫಿಲಡೆಲ್ಫಿಯಾ ಸೇರಿದವರು. 1962ರಲ್ಲಿ, ಈ ನಾಡಿನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಈ ಕೆಲಸ ಅವರಿಗೆ ಬಂತು. ತಮಗೇ ದೊರೆಯಬಹುದಾಗಿದ್ದ ಅವಕಾಶವನ್ನು ಬಿಟ್ಟುಕೊಟ್ಟು ಕಾನ್ ಹೆಸರು ಸೂಚಿಸಿದವರು ಇಲ್ಲಿನ ವಾಸ್ತುಶಿಲ್ಪಿ ಮಜರುಲ್ ಇಸ್ಲಾಂ. ಎಂಥ ದೊಡ್ಡ ಮನಸ್ಸು!

ಹತ್ತಿರ ಹೋದಂತೆ ಗೋಡೆಯ ಮೇಲೆ ಐದೈದು ಅಡಿಗೊಂದು ಬಿಳಿ ಅಮೃತಶಿಲೆಯ ಪಟ್ಟಿ ಕಾಣುತ್ತದೆ. ಕೂಲಿಯಾಳುಗಳು ಬಿದಿರಿನ ಸಾರುವೆ ಏರಿ, ತಲೆಯ ಮೇಲೆ ಹೊತ್ತ ಕಾಂಕ್ರೀಟನ್ನು ಸುರಿದು ಕಟ್ಟಿದ ಗೋಡೆಯಿದು. ಒಂದು ದಿನದ ಕೆಲಸ ಐದಡಿ. ಇಂದಿನ ಕಾಂಕ್ರೀಟು ನಿನ್ನೆಯದನ್ನು ಸೇರುವ ಜಾಗವನ್ನು ಈ ಪಟ್ಟಿ ಮುಚ್ಚುತ್ತದೆ. ದುಡಿದ ಕೈಗಳ ದಿನಚರಿಯೇ ಗೋಡೆಯ ಅಲಂಕಾರ!

ಬಾಗಿಲಲ್ಲಿ ತಪಾಸಣೆಯೋ ತಪಾಸಣೆ. ಚೀಲ, ಫೋನು ಎಲ್ಲ ಒಪ್ಪಿಸಿ ಬರಿಗೈಯಲ್ಲಿ ಒಳಹೊಕ್ಕರೆ ಕಣ್ಣಿಗಷ್ಟೇ ಕೆಲಸ. ಎಂಟು ಮೂಲೆಯ ಸಭಾಂಗಣದ ಸುತ್ತ ಎತ್ತರದ ಓಣಿ. ಮೇಲಿಂದ ಇಳಿಯುವ ಬೆಳಕು ಗಳಿಗೆಗೊಂದು ಬಣ್ಣ ತಾಳುತ್ತದೆ. ಮಾರ್ಗದರ್ಶಿ ಜೊತೆಗಿಲ್ಲದಿದ್ದರೆ ಹೊರದಾರಿ ಸಿಗುವುದು ಕಷ್ಟ. ಪ್ರಾರ್ಥನಾ ಮಂದಿರವೊಂದು ಮಾತ್ರ ಕಟ್ಟಡದ ನೇರ ಬಿಟ್ಟು ಓರೆಯಾಗಿ, ಮೆಕ್ಕಾದತ್ತ ತಿರುಗಿ ನಿಂತಿದೆ.

1971ರ ಬಾಂಗ್ಲಾದೇಶ ವಿಮೋಚನಾ ಯುದ್ಧ ಕೆಲಸವನ್ನು ನಿಲ್ಲಿಸಿತು. 1974ರ ಮಾರ್ಚಿನಲ್ಲಿ, ಅಹಮದಾಬಾದಿನಿಂದ ಮರಳುವಾಗ, ನ್ಯೂಯಾರ್ಕಿನ ಪೆನ್ ರೈಲು ನಿಲ್ದಾಣದಲ್ಲಿ ಕಾನ್ ತೀರಿಕೊಂಡರು. ಭವನ ಪೂರ್ಣಗೊಂಡದ್ದು 1982ರಲ್ಲಿ. ಯಾವುದೋ ದೇಶ ಕಟ್ಟಿಸಹೊರಟ ಕಟ್ಟಡ ಇನ್ನೊಂದು ಹೊಸ ದೇಶದ ಹೆಮ್ಮೆಯಾಗಿ, ಅದರ ನೋಟುಗಳ ಮೇಲೂ ಅಚ್ಚಾಯಿತು.

ಸಂಜೆ ಹೊರಗೆ ಝಾಲ್‌ಮುಡಿ ಮಾರುವವನ ಬಳಿ ನಿಲ್ಲುತ್ತೇವೆ. ನಮ್ಮ ಚುರುಮುರಿಯೇ, ಆದರೆ ಸಾಸಿವೆ ಎಣ್ಣೆಯ ಘಾಟು ನೇರ ನೆತ್ತಿಗೇರುತ್ತದೆ. ಕಣ್ಣೊರೆಸಿಕೊಳ್ಳುತ್ತಲೇ ಪೊಟ್ಟಣ ಖಾಲಿ!

ಕಾನ್ ನಂಟು ನಮ್ಮ ನಾಡಿಗೂ ಉಂಟು. ಅವರನ್ನು ಅಹಮದಾಬಾದಿನ ಐಐಎಂ ಕಟ್ಟಲು ಕರೆತಂದ ವಾಸ್ತುಶಿಲ್ಪಿ ಬಿ.ವಿ. ದೋಶಿಯವರೇ ಮುಂದೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಕಟ್ಟಿದರು. ಅದಕ್ಕೆ ಅವರು ಬಳಸಿದ್ದು ಆ ಊರಿನದೇ ಕಲ್ಲು. ಪರನಾಡಿನಲ್ಲಿ ಕಟ್ಟಲು ಹೊರಟಿರುವ ನಮ್ಮ ಯುವ ವಾಸ್ತುಶಿಲ್ಪಿಗಳೇ, ನಕ್ಷೆ ಬರೆಯುವ ಮೊದಲು ಢಾಕಾಕ್ಕೆ ಹೋಗಿಬನ್ನಿ. ಅಲ್ಲಿನ ಮಳೆ, ಬಿಸಿಲು, ಕೂಲಿಯವರ ಕೈಗಳನ್ನು ಅರಿತದ್ದರಿಂದಲೇ ಹೊರಗಿನವರಾದ ಕಾನ್ ಆ ಊರಿನವರಾದರು.