ತಮ್ಮನ ಕೈಯ ಕಪ್ಪು

ಹ್ಯಾಂಡ್‌ಪೋಸ್ಟಿನಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವರಿಗೆ ನನ್ನ ಕಿರಿಯ ತಮ್ಮನ ನೆನಪಿರಬಹುದು. ಕೈಮರ ಎಂಬ ಚೆಂದದ ಕನ್ನಡ ಮಾತಿದ್ದರೂ ನಮ್ಮ ಜನ ಹ್ಯಾಂಡ್‌ಪೋಸ್ಟ್ ಎಂದೇ ಕರೆದ ಆ ಕೂಡುರಸ್ತೆಯಲ್ಲಿ, ವಾರದ ರಜೆಯ ದಿನ ಮೈಸೂರು ಬಸ್ಸಿನಿಂದ ಇಳಿದು, ಅಮ್ಮನಿಗೆಂದು ಬಾಳೆಹಣ್ಣು ಹಿಡಿದು ಬರುತ್ತಿದ್ದವನು ಅವನೇ.

ಅವನು ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ವಿಕ್ರಾಂತ್ ಟೈರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಗೆ ಬಂದೊಡನೆ ಅಮ್ಮ ಸೀಗೆಪುಡಿ, ನಿಂಬೆಹೋಳು ಕೊಟ್ಟು ಬಚ್ಚಲಿಗೆ ಕಳಿಸುವರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಊಟದೆಲೆಯ ಮುಂದೆಯೇ ತೂಕಡಿಸುತ್ತಿದ್ದ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿಯದು. ಅವನ ನಿದ್ದೆಗೆ ಊರೆಂಬುದೇ ಇರಲಿಲ್ಲ.

ಒಗೆದ ಬಿಳಿ ಅಂಗಿಯ ಮೇಷ್ಟ್ರಾದ ನಾನು, ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ, "ಮೈಸೂರಿನಲ್ಲಿ ಕಂಪನಿಯಲ್ಲಿದ್ದಾನೆ" ಎಂದಷ್ಟೇ ಹೇಳುತ್ತಿದ್ದೆ. ಟೈರ್ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದಾಗಲೂ ಹೀಗೆಯೇ ಹೇಳಿದ್ದುಂಟು.

ಒಂದು ಸಂಜೆ ಜಗುಲಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ವಲ್ಕನೀಕರಣ ಹೇಳುತ್ತಿದ್ದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದವನು ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವುದನ್ನು ಕಂಡುಕೊಂಡ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ. ಕಂಬಕ್ಕೊರಗಿದ್ದ ತಮ್ಮ ನಕ್ಕುಬಿಟ್ಟ. "ಅಣ್ಣ, ಬರೀ ಗಂಧಕ ಅಂದ್ರೆ ಸಾಕಾ?" ಎಂದು ಶುರುಮಾಡಿದವನು ಅರ್ಧ ಗಂಟೆ ಮಾತಾಡಿದ.

ರಬ್ಬರು ಹುಟ್ಟಾ ಕಪ್ಪಲ್ಲ, ನಸುಹಳದಿ. ಕಪ್ಪು ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ನುಣುಪಾದ ಮಸಿಯಿಂದ. ಅದಿಲ್ಲದಿದ್ದರೆ ಟೈರು ಬೇಗ ಸವೆಯುತ್ತದೆ. ಅವನ ಕೆಲಸ ಟೈರ್ ಬಿಲ್ಡಿಂಗ್. ತಿರುಗುವ ಡ್ರಮ್ಮಿನ ಮೇಲೆ ರಬ್ಬರು ಸವರಿದ ನೈಲಾನ್ ಪದರಗಳನ್ನು ಒಂದಕ್ಕೊಂದು ಓರೆಯಾಗಿ ಸುತ್ತಬೇಕು, ಎರಡು ಅಂಚಿಗೂ ಉಕ್ಕಿನ ತಂತಿಯ ಬಳೆ ಕೂರಿಸಬೇಕು, ಮೇಲೆ ನೆಲ ಮುಟ್ಟುವ ದಪ್ಪ ಪಟ್ಟಿ ಹಾಸಬೇಕು. ಆಗ ಅದು ಟೈರಿನಂತೆ ಕಾಣುವುದೇ ಇಲ್ಲವಂತೆ. ಎರಡೂ ಕಡೆ ತೆರೆದ ಪೀಪಾಯಿಯಂತಿರುತ್ತದಂತೆ. ಅಚ್ಚಿನೊಳಗೆ ಆವಿಯ ಕಾವಿನಲ್ಲಿ ಬೆಂದಮೇಲೆ ಟೈರಿನ ಆಕಾರ.

"ಪದರದ ನಡುವೆ ಒಂದು ಗಾಳಿಗುಳ್ಳೆ ಉಳಿದ್ರೂ ಓಡ್ತಾ ಓಡ್ತಾ ಬಿಸಿಯಾಗಿ ಪದರ ಬಿಟ್ಕೊಳ್ಳುತ್ತೆ. ಕೈಯಾಡಿಸಿ ನೋಡ್ತೀನಣ್ಣ. ಆ ಬಸ್ಸಲ್ಲಿ ನೀನೂ ಕೂತಿರಬಹುದಲ್ಲ!"

ಮಕ್ಕಳು ಬಾಯಿ ಬಿಟ್ಟು ಕೇಳಿದರು. ಮರುದಿನ ಒಬ್ಬ ಹುಡುಗ, "ಸಾರ್, ನಿಮ್ಮ ತಮ್ಮನವರನ್ನ ಸ್ಕೂಲಿಗೆ ಕರೆಸಿ ಸಾರ್, ಎಲ್ಲರಿಗೂ ಹೇಳಲಿ" ಎಂದ. ನೋಡೋಣ ಎಂದೆ. ಕರೆಸಲಿಲ್ಲ. ಸಹೋದ್ಯೋಗಿಗಳು ಆ ಕೈಗಳನ್ನು ನೋಡುವರೆಂಬ ಸಂಕೋಚ, ಬೇರೆ ಕಾರಣವಿರಲಿಲ್ಲ. ಆ ಹುಡುಗ ಇದನ್ನು ಓದುತ್ತಿದ್ದರೆ, ಉತ್ತರ ಇದೇ ಕಣಪ್ಪ.

1997ರಲ್ಲಿ ಕಾರ್ಖಾನೆ ಜೆ.ಕೆ. ಸಮೂಹದ ಕೈಸೇರಿತು. ಆ ದಿನಗಳಲ್ಲಿ ಅವನು ಮಾತು ಕಡಿಮೆ ಮಾಡಿದ್ದ. ಏನಾಗುವುದೋ ಎಂಬ ಚಿಂತೆಯಿತ್ತೋ ಏನೋ, ನಾನು ವಿಚಾರಿಸಲಿಲ್ಲ. ಕೆಲಸ ಮುಂದುವರಿಯಿತು; ನಿವೃತ್ತನೂ ಆದ. ಹೆಸರು ಬದಲಾದರೂ ಅವನ ಬಾಯಲ್ಲಿ ಇಂದಿಗೂ "ನಮ್ಮ ವಿಕ್ರಾಂತ್".

ಕಳೆದ ತಿಂಗಳು ಇಬ್ಬರೂ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾದಿದ್ದೆವು. ನಿಂತಿದ್ದ ಲಾರಿಯೊಂದರ ಬಳಿ ಅವನು ಮಂಡಿ ಹಿಡಿದುಕೊಂಡು ಬಗ್ಗಿದ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಷ್ಟೂ ವರ್ಷ ಟೈರುಗಳ ಪಕ್ಕದಲ್ಲೇ ಓಡಾಡಿದ ನನಗೆ ಅದು ಗೊತ್ತಿರಲಿಲ್ಲ. ಅವನು ಹೆಬ್ಬೆರಳಿನಿಂದ ಧೂಳೊರೆಸಿ ಓದಿದ. ನಾನು ಪಕ್ಕದಲ್ಲಿದ್ದ ಹಿರಿಯರಿಗೆ, ಅವರು ಕೇಳದಿದ್ದರೂ, "ನನ್ನ ತಮ್ಮ, ಟೈರ್ ಕಾರ್ಖಾನೆಯಲ್ಲಿದ್ದವನು" ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಮುಂದಿನ ಚಕ್ರದತ್ತ ಹೋದ.