ಜಿಂಕೆ, ಕಾಡತೂಸು ಮತ್ತು ನನ್ನ ಅಡುಗೆಮನೆ

ಬೇಟೆಯ ಕೋವಿಗೆ ಯಾವ ಕಾಡತೂಸು ಹಾಕಬೇಕೆಂಬುದಕ್ಕೂ ಒಬ್ಬ ಗೃಹಿಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಊರಿನಲ್ಲೇ ಇದ್ದಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆಗಳ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು. ಆದರೆ ಮದುವೆಯಾಗಿ ಪುತ್ತೂರಿನಿಂದ ನಾನು ಬಂದು ಸೇರಿದ್ದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯಕ್ಕೆ. ಇಲ್ಲಿ ಜಿಂಕೆಗಳು ಬಹಳ. ಹೊಲದ ಬೆಳೆ ತಿನ್ನುತ್ತವೆ, ರಾತ್ರಿ ಹೊತ್ತು ಕಾರುಗಳಿಗೆ ಅಡ್ಡ ಬರುತ್ತವೆ. ಹಾಗಾಗಿ ಸರಕಾರವೇ ವರ್ಷದಲ್ಲಿ ಕೆಲವು ದಿನ ಬೇಟೆಗೆ ಅನುಮತಿ ಕೊಡುತ್ತದೆ. ಅದಕ್ಕೆ ತರಬೇತಿ ಬೇಕು, ಲೈಸೆನ್ಸ್ ಬೇಕು. ರೈಫಲ್ ಬೇಟೆಯ ದಿನಗಳಲ್ಲಿ ದೂರದಿಂದಲೇ ಕಾಣುವಂತೆ ತಲೆ, ಎದೆ, ಬೆನ್ನಿನ ಮೇಲೆ 250 ಚದರ ಇಂಚು ಕಿತ್ತಳೆ ಬಣ್ಣದ ಬಟ್ಟೆ ಇರಬೇಕು. ಕೋವಿ, ಕಾಡತೂಸುಗಳ ಮೇಲಿನ ತೆರಿಗೆಯ ಹಣ 1937ರ ಒಂದು ಕಾನೂನಿನ ಪ್ರಕಾರ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ.

ನನ್ನ ಪತಿ ತನ್ನ ಸಹೋದ್ಯೋಗಿಗಳ ಜೊತೆ ಬೇಟೆಗೆ ಹೋಗುವ ಆಸೆ ತೋರಿಸಿದಾಗ ನಾನು ನಾಲ್ಕು ತಿಂಗಳ ಗರ್ಭಿಣಿ. ಬೇಡ ಎನ್ನಲಿಲ್ಲ. ಎರಡು ಷರತ್ತು ಹಾಕಿದೆ. ಒಂದು, ಆ ಪ್ರಾಣಿ ಗಾಯಗೊಂಡು ನರಳಬಾರದು. ಎರಡು, ಮನೆಗೆ ಬರುವ ಮಾಂಸದಿಂದ ಹುಟ್ಟಲಿರುವ ಮಗುವಿಗೆ ಕೇಡಾಗಬಾರದು. ಈ ಎರಡೂ ಷರತ್ತುಗಳು ಕೊನೆಗೆ ಬಂದು ನಿಂತದ್ದು ಕಾಡತೂಸಿನ ಮೇಲೆ.

ಕಾಡತೂಸು ಎಂದರೆ ಹಿತ್ತಾಳೆಯ ಒಂದು ಸಣ್ಣ ಕೊಳವೆ. ಹಿಂಬದಿಯಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಅದರ ಹೆಸರಿನ ಸಂಖ್ಯೆ ಹೆಚ್ಚಾಗಿ ಗುಂಡಿನ ದಪ್ಪವನ್ನು ಇಂಚಿನಲ್ಲಿ ಹೇಳುತ್ತದೆ. .30-06 ಎಂಬುದು 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು. ಆ 06 ಎಂದರೆ ಇಸವಿ. ಇಂದಿಗೂ ಇಲ್ಲಿಯ ಅಜ್ಜಂದಿರಿಗೆ ಅದೇ ಇಷ್ಟ. 1952ರಲ್ಲಿ ಬಂದ .308 ವಿಂಚೆಸ್ಟರ್ ಅದಕ್ಕಿಂತ ಗಿಡ್ಡ, ಕೆಲಸದಲ್ಲಿ ಸುಮಾರಾಗಿ ಅದರಷ್ಟೇ. ಇದರ ಕೊಳವೆಯ ಬಾಯಿಯನ್ನೇ ಕಿರಿದು ಮಾಡಿ 1955ರಲ್ಲಿ .243 ವಿಂಚೆಸ್ಟರ್ ತಂದರು. ಅದರ ಒದೆತ ಕಡಿಮೆ. ಹೆಂಗಸರಿಗೆ, ಹೊಸಬರಿಗೆ ಅದನ್ನು ಹೇಳುತ್ತಾರೆ.

ಪತಿಯ ಗೆಳೆಯರೊಬ್ಬರು "ದೊಡ್ಡದೇ ತೆಗೆದುಕೋ, .300 ಮ್ಯಾಗ್ನಮ್" ಎಂದರಂತೆ. ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾತು ಎಲ್ಲ ಕಡೆಯೂ ಇರುವುದೇ. ಆದರೆ ದೊಡ್ಡ ಕಾಡತೂಸಿನ ಒದೆತ ಭುಜಕ್ಕೆ ಜೋರು. ಆ ಹೆದರಿಕೆಗೆ ಕುದುರೆ ಎಳೆಯುವಾಗಲೇ ಕೈ ಅಲುಗುತ್ತದೆ, ಗುರಿ ತಪ್ಪುತ್ತದೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿದ್ದರೆ ಜಿಂಕೆ ಮೈಲುಗಟ್ಟಲೆ ಓಡಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಹಾಗೆಂದು ತೀರಾ ಸಣ್ಣದೂ ಆಗದು. ಎಲ್ಕ್ ಎಂಬ ದೊಡ್ಡ ಜಾತಿಯ ಗಂಡು 300 ಕಿಲೋ ದಾಟುತ್ತದೆ. ಕೊಲರಾಡೊ ರಾಜ್ಯದಲ್ಲಿ ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ ಕನಿಷ್ಠ 85 ಗ್ರೇನ್ ತೂಕದ ಗುಂಡು ಇರಬೇಕೆಂದು ನಿಯಮವೇ ಇದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮ್ಯಾಗ್ನಮ್ ಬೇಡವೆಂದು ನಾವು ಆರಿಸಿದ್ದು .308. ಪತಿ ಎರಡು ತಿಂಗಳು ಪ್ರತಿ ಶನಿವಾರ ಗುರಿ ಅಭ್ಯಾಸಕ್ಕೆ ಹೋದರು.

ಎರಡನೆಯ ಷರತ್ತು ಇನ್ನೂ ಮುಖ್ಯ. ಸಾಮಾನ್ಯ ಬೇಟೆಯ ಗುಂಡಿನ ಒಳಗೆ ಇರುವುದು ಸೀಸ. ಗುಂಡು ಮೈಗೆ ತಾಗಿದಾಗ ಸೀಸ ಪುಡಿಯಾಗಿ ಗಾಯದ ಸುತ್ತಲಿನ ಮಾಂಸದೊಳಗೆ ಚದುರುತ್ತದೆ. ಆ ಚೂರುಗಳು ಕಣ್ಣಿಗೆ ಕಾಣವು, ಎಷ್ಟು ಬೇಯಿಸಿದರೂ ಹೋಗವು. 2008ರಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸವನ್ನು ಎಕ್ಸ್-ರೇ ಮಾಡಿದಾಗ ಸೀಸದ ಚೂರುಗಳು ಕಂಡವು. ಅದನ್ನು ಹಂಚಬೇಡಿ ಎಂದು ಅಧಿಕಾರಿಗಳು ಹೇಳಬೇಕಾಯಿತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಗರ್ಭಿಣಿಯ ರಕ್ತದಿಂದ ಅದು ಮಗುವಿಗೂ ಸೇರುತ್ತದೆ. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು.

ಇದನ್ನೆಲ್ಲ ಓದಿ ತಾಮ್ರದ ಗುಂಡೇ ಆಗಬೇಕು ಎಂದೆ. ತಾಮ್ರದ್ದು ಹೂವಿನ ಎಸಳುಗಳಂತೆ ಅರಳುತ್ತದೆಯೇ ಹೊರತು ಸೀಸದಂತೆ ಪುಡಿಯಾಗುವುದಿಲ್ಲ. "ಬೆಲೆ ಜಾಸ್ತಿ ಕಣೇ" ಎಂದರು ಪತಿ. "ಒಂದು ಜಿಂಕೆಗೆ ಎಷ್ಟು ಗುಂಡು ಬೇಕು ನಿಮಗೆ?" ಎಂದೆ. ನಕ್ಕು ಒಂದು ಪೆಟ್ಟಿಗೆ ತಂದರು.

ಹಲಾಲ್ ಆಗುವ ಬಗ್ಗೆಯೂ ನಾವು ಮೊದಲೇ ವಿಚಾರಿಸಿಕೊಂಡೆವು. ಅಲ್ಲಾಹನ ಹೆಸರು ಹೇಳಿಯೇ ಗುಂಡು ಹಾರಿಸಬೇಕು, ಪ್ರಾಣಿ ಜೀವಂತ ಸಿಕ್ಕಿದರೆ ಝಬಹ್ ಮಾಡಬೇಕು. ಗುಂಡಿನಿಂದಲೇ ಸತ್ತರೆ ಏನು ಎಂಬುದರಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವಿದೆ. ಗುಂಡು ಸೀಳಿ ರಕ್ತ ಹರಿಸುತ್ತದೆ, ಆದ್ದರಿಂದ ಸರಿ ಎನ್ನುವವರಿದ್ದಾರೆ. ಅದು ಹೊಡೆತದಿಂದಾದ ಸಾವು, ತಿನ್ನಬಾರದು ಎನ್ನುವವರೂ ಇದ್ದಾರೆ. ನಮ್ಮ ಮಸೀದಿಯ ಇಮಾಮರನ್ನು ಕೇಳಿ ಅವರು ಹೇಳಿದಂತೆ ನಡೆದುಕೊಂಡೆವು.

ಮೊದಲ ದಿನ ಪತಿ ಬರಿಗೈಯಲ್ಲಿ ಬಂದರು. "ಒಂದು ಕಾಣಿಸಿತು, ತುಂಬಾ ದೂರವಿತ್ತು. ಗಾಯಗೊಂಡು ಓಡಿದರೆ ಏನು ಮಾಡುವುದು ಎಂದು ಬಿಟ್ಟೆ" ಎಂದರು. ಆ ಮಾತು ಕೇಳಿ ಮಾಂಸ ತಂದದ್ದಕ್ಕಿಂತ ಹೆಚ್ಚು ಸಂತೋಷವಾಯಿತು. ಮೂರನೆಯ ದಿನ ಒಂದೇ ಗುಂಡಿಗೆ ಜಿಂಕೆ ಬಿತ್ತು. ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ತೆಗೆದೆವು. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಜೋರು ಬೆಂಕಿಯಲ್ಲಿ ಗಟ್ಟಿಯಾಗುತ್ತದೆ. ಮೊಸರಿನಲ್ಲಿ ನೆನೆಸಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆ. ನೆರೆಯ ಎರಡು ಮನೆಗಳಿಗೂ ಕೊಟ್ಟೆ.

ಮನೆಗೆ ಬರುವ ಆಹಾರ ಎಲ್ಲಿಂದ, ಹೇಗೆ ಬಂತು ಎಂದು ಕೇಳುವುದು ಗಂಡಸರ ವಿಷಯದಲ್ಲಿ ತಲೆಹಾಕುವುದಲ್ಲ. ಅದು ತಾಯಿಯ ಹೊಣೆ. ಕೋವಿ ಹಿಡಿದವರು ಜಿಂಕೆಯನ್ನು ನೋಡುತ್ತಾರೆ. ಮಗುವಿನ ತಟ್ಟೆಯನ್ನು ನೋಡುವವರೂ ಒಬ್ಬರು ಬೇಕಲ್ಲವೇ?