ಊಟದ ಹೊತ್ತಿನ ಗಾಳ

ನಮ್ಮ ಮನೆಯವರು ಇಲ್ಲೇ ತುರುವನೂರಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬಿಟ್ಟರೆ ಎರಡೂವರೆಗೆ ವಾಪಸ್. ಮನೆಗೆ ಸೈಕಲ್ಲಲ್ಲಿ ಐದು ನಿಮಿಷ. ಮದುವೆಯಾದ ಹೊಸದರಲ್ಲಿ ನಾನು ಒಂದು ಗಂಟೆಗೇ ಎಸರಿಡ್ತಿದ್ದೆ, ಬಿಸಿ ಮುದ್ದೆ ತಟ್ಟೆಗೆ ಬೀಳಲಿ ಅಂತ. ಅವರು ಬರ್ತಿದ್ದಿದ್ದು ಎರಡು ಗಂಟೆ ದಾಟಿದ ಮೇಲೆ. ಅಷ್ಟೊತ್ತಿಗೆ ಮುದ್ದೆ ಆರಿ ಗಟ್ಟಿಯಾಗಿರೋದು. ನಾಲ್ಕು ತುತ್ತು ನುಂಗಿ, ಕೈ ತೊಳೆದು ಹೊರಟೇಬಿಡೋರು. ಕೇಳಿದ್ರೆ "ಕೆಲಸ ಜಾಸ್ತಿ ಐತೆ ಕಣೇ" ಅನ್ನೋರು.

ಒಂದಿನ ಅಂಗಿ ಒಗೆಯೋಕೆ ಅಂತ ಜೇಬು ನೋಡಿದ್ರೆ ಬೆಂಕಿಪೊಟ್ಟಣ. ಬೀಡಿ ಸೇದದ ಮನುಷ್ಯನಿಗೆ ಇದ್ಯಾಕೆ ಅಂತ ತೆಗೆದೆ. ಒಳಗೆ ಒದ್ದೆ ಮಣ್ಣು, ಅದರಲ್ಲಿ ಎರೆಹುಳ ಮಿಸುಕಾಡ್ತಿದ್ವು! ನಾನು ಕೂಗಿದ ಕೂಗಿಗೆ ಪಕ್ಕದ ಮನೆ ಅಕ್ಕ ಕೈಯಲ್ಲಿ ಸೌಟು ಹಿಡ್ಕೊಂಡೇ ಓಡಿ ಬಂದ್ಲು.

ಸಂಜೆ ಎಲ್ಲ ಹೊರಗೆ ಬಂತು. ಬಿದಿರುಕೋಲನ್ನ ಕೆರೆ ಏರಿ ಪಕ್ಕದ ಪೊದೆಯಲ್ಲಿ ಬಚ್ಚಿಟ್ಟಿದ್ದರಂತೆ. ಜೋಳದ ದಂಟಿನ ತುಂಡೇ ಬೆಂಡು. ಕೆರೆ ಮೀನನ್ನ ಹರಾಜಲ್ಲಿ ಹಿಡಿದೋರು ಗಾಳದೋರನ್ನ ಕಂಡ್ರೆ ಬಯ್ತಾರೆ, ಅದಕ್ಕೇ ಈ ಕಳ್ಳತನ. ಬಹಳ ದಿನ ಏನೂ ಸಿಗ್ತಿರಲಿಲ್ಲ. ಸಿಕ್ಕಿದ್ರೆ ಎರಡು ಜಿಲೇಬಿ ಮೀನು, ಒಂದೇ ಒಂದು ಸಲ ಮೊಳದುದ್ದದ ಕೊರವ. ಆವತ್ತು ಹುಣಸೆಹುಳಿ ಬಿಟ್ಟು ನಾನು ಮಾಡಿದ ಸಾರನ್ನ ಹೊಗಳಿದ್ದೇ ಹೊಗಳಿದ್ದು. "ಬೆಂಡು ನೋಡ್ತಾ ಕೂತ್ರೆ ಆ ಫೈಲು, ಆ ಸಾಹೇಬರು ಯಾವುದೂ ತಲೇಲಿ ಇರಲ್ಲ ಕಣೇ" ಅಂದ್ರು. ನಮ್ಮ ಸೀಮೆಯಲ್ಲಿ ಕೆರೆಗೆ ನೀರು ಬರೋದೇ ಅಪರೂಪ. ನೀರು ಬಂದ ವರ್ಷ ಈ ಮನುಷ್ಯ ಮಧ್ಯಾಹ್ನ ಮನೆ ಸೇರ್ತಿರಲಿಲ್ಲ.

ನಿಜ ಹೇಳ್ತೀನಿ, ನನಗೆ ಹೊಟ್ಟೆ ಉರೀತಿತ್ತು. ಇರೋ ಒಂದು ಗಂಟೇಲಿ ನನಗೆ ಇಪ್ಪತ್ತು ನಿಮಿಷ, ಮೀನಿಗೆ ನಲವತ್ತು. ನಮಗೆ ಹೆಂಗಸರಿಗೆ ಊಟದ ಬಿಡುವು ಅಂತ ಯಾರಾದ್ರೂ ಗಂಟೆ ಹೊಡೆದಿದ್ದಾರಾ, ನೀವೇ ಹೇಳಿ. ಆದ್ರೆ ಬಾಯಿಬಿಟ್ಟು ಹೇಳಲಿಲ್ಲ, ಮುದ್ದೆ ಬಡಿದು ಇಡ್ತಿದ್ದೆ ಅಷ್ಟೆ.

2021ರಲ್ಲಿ ಅವರು ಹೋಗಿಬಿಟ್ಟರು. ಮರುವರ್ಷ ಆ ಪಾಟಿ ಮಳೆ. ಮಾರಿಕಣಿವೆ 1933ರ ಮೇಲೆ, 89 ವರ್ಷ ಕಳೆದು ಮತ್ತೆ ಕೋಡಿ ಬಿತ್ತು. ನಮ್ಮ ಬೀದಿಯೋರೆಲ್ಲ ಗಾಡಿ ಮಾಡ್ಕೊಂಡು ಹಿರಿಯೂರಿಗೆ ನೋಡೋಕೆ ಹೋದ್ರು. ನಾನು ಹೋಗಲಿಲ್ಲ.

ಮಗ ಇರೋದು ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ಅನ್ನೋ ಊರಲ್ಲಿ. ಅಪ್ಪ ಹೋದ ಮೇಲೆ ದಿನಾ ಅವನ ಊಟದ ಹೊತ್ತಲ್ಲಿ ಫೋನ್ ಮಾಡ್ತಿದ್ದ. ಬೇಸಿಗೆಯಲ್ಲಿ ಅವನ ಮಧ್ಯಾಹ್ನ ಹನ್ನೆರಡೂವರೆ ನನಗೆ ಸರಿಯಾಗಿ ಮಧ್ಯರಾತ್ರಿ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆಗ ಒಂದು ಗಂಟೆ. ನಾನು ನಿದ್ದೆ ತಡ್ಕೊಂಡು ಕಾಯ್ತಿದ್ದೆ. ಹೋದ ಬೇಸಿಗೆಯಲ್ಲಿ ಫೋನು ವಾರಕ್ಕೆ ಎರಡಕ್ಕೆ ಇಳೀತು. "ಕೆಲಸ ಜಾಸ್ತಿ ಅಮ್ಮಾ" ಅಂದ.

ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಬೆಂಕಿಪೊಟ್ಟಣ ಕಣ್ಮುಂದೆ ಬಂತು. "ನಿಜ ಹೇಳು, ಗಾಳ ಹಾಕ್ತಿದ್ದೀಯಾ?" ಅಂದೆ. ಆ ಕಡೆ ಉಸಿರೇ ಇಲ್ಲ. ಆಮೇಲೆ ನಗು.

ಊರ ನಡುವೆ ಹೊಳೆ ಹರಿಯುತ್ತಂತೆ, ಆಫೀಸಿಂದ ಹತ್ತು ನಿಮಿಷ. ವಿಡಿಯೋದಲ್ಲಿ ತೋರಿಸಿದ. ಎರೆಹುಳ ಇಲ್ಲ. ಗಾಳಕ್ಕೆ ಕೋಳಿಪುಕ್ಕ, ನೂಲು ಸುತ್ತಿ ಥೇಟ್ ನೊಣದ ಹಂಗೆ ಮಾಡ್ತಾರೆ, ನಾವು ಹೂ ಕಟ್ಟಿದಂಗೆ. ನೊಣಕ್ಕೆ ಭಾರ ಇರಲ್ಲ, ದಾರಕ್ಕೇ ಭಾರ. ಕೋಲನ್ನ ಹಿಂದಕ್ಕೂ ಮುಂದಕ್ಕೂ ಬೀಸಿ, ದಾರ ಗಾಳೀಲಿ ಬಳುಕಿ, ನೊಣ ತಾನೇ ಬಂದು ಕೂತಂಗೆ ನೀರಿನ ಮೇಲೆ ಇಳೀಬೇಕು. ಸರ್ಕಾರದ ಲೈಸೆನ್ಸೂ ಮಾಡಿಸಿದ್ದಾನೆ, ಅಪ್ಪನ ಹಂಗೆ ಪೊದೆ ಮರೆ ಬೇಕಿಲ್ಲ. ಟ್ರೌಟ್ ಅಂತ ಮೀನು, ಮೈಮೇಲೆಲ್ಲ ಚುಕ್ಕಿ. ಹಿಡಿದು, ಒದ್ದೆ ಕೈಯಲ್ಲೇ ಗಾಳ ಬಿಡಿಸಿ, ವಾಪಸ್ ನೀರಿಗೆ ಬಿಟ್ಟ!

"ಸಾರಿಗೂ ಇಲ್ಲ, ಏನಕ್ಕೂ ಇಲ್ಲ. ಅದರ ಬದಲು ಶೃಂಗೇರಿಯಲ್ಲಿ ಹಾಕಿದಂಗೆ ಮಂಡಕ್ಕಿ ಹಾಕೋ, ಪುಣ್ಯ ಆದ್ರೂ ಬರುತ್ತೆ" ಅಂದೆ. ಅವನು ನಗಲಿಲ್ಲ. "ಅಪ್ಪನೂ ಚಿಕ್ಕವನ್ನ ಬಿಟ್ಟುಬಿಡ್ತಿದ್ರು ಅಮ್ಮಾ" ಅಂದ.

"ನಿನಗೆ ಹೆಂಗೆ ಗೊತ್ತು?"

ಶಾಲೇಲಿ ಊಟಕ್ಕೆ ಬಿಟ್ಟಾಗ ಗೇಟಿನ ಹತ್ರ ಸೈಕಲ್ ನಿಂತಿರೋದಂತೆ. ಇವನನ್ನ ಮುಂದಿನ ಕಂಬಿ ಮೇಲೆ ಕೂರಿಸ್ಕೊಂಡು ಕೆರೆಗೆ. ನಾನು ಕಟ್ಟಿದ ಡಬ್ಬಿ ಬಿಚ್ಚಿ ಏರಿ ಮೇಲೆ ಇಬ್ಬರೂ ಹಂಚ್ಕೊಂಡು ತಿಂತಿದ್ರಂತೆ. ಅದಕ್ಕೇ ಅವರಿಗೆ ಮನೇಲಿ ನಾಲ್ಕೇ ತುತ್ತು! ನಾನು ಇಷ್ಟು ವರ್ಷ ಮೀನಿನ ಲೆಕ್ಕಕ್ಕೆ ಬರೆದಿದ್ದ ನಲವತ್ತು ನಿಮಿಷದಲ್ಲಿ ನನ್ನ ಮಗನೂ ಇದ್ದ. ಅಪ್ಪ, ಮಗ ಇಬ್ಬರೂ ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ ನೋಡಿ. ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಾ ಅಳುವಾ ಗೊತ್ತಾಗಲಿಲ್ಲ.

ಈಗ ಮಂಗಳವಾರ, ಗುರುವಾರ ಮಾತಾಡೋದು ಬೇಡ ಅಂದಿದ್ದೀನಿ. ಆದ್ರೂ ಕೆಲವು ಸಲ ಫೋನ್ ಹಚ್ಚಿ ಜೇಬಲ್ಲಿ ಇಟ್ಕೋತಾನೆ. ಇಬ್ಬರೂ ಮಾತಾಡಲ್ಲ. ಹೊಳೆ ಸದ್ದು, ದಾರ ಸುಯ್ಯನೆ ಹೋಗೋ ಸದ್ದು, ನಾನು ಕತ್ತಲಲ್ಲಿ ಹಾಸಿಗೆ ಮೇಲೆ ಕೂತು ಕೇಳ್ತೀನಿ. ಇಡೋ ಮುಂಚೆ "ಊಟ ಮಾಡಿದ್ಯಾ?" ಅಂತೀನಿ. "ಮಾಡಿದೆ" ಅಂತಾನೆ, ಸುಳ್ಳ.